ಬೇರೆಯಾದ ಹಸಿರು ಜೋಡಿ

ಎರಡು ರೂಟರ್‌ಗಳನ್ನು ಜೋಡಿಸುವ ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ, ಪಾರದರ್ಶಕ ಪ್ಲಗ್ಗಿನೊಳಗೆ ಎಂಟು ತಂತಿಗಳು ಸಾಲಾಗಿ ಕೂತಿರುವುದು ಕಾಣುತ್ತದೆ. ಕ್ರಿಂಪಿಂಗ್ ಮಾಡುವವರಿಗೆ, ಅಂದರೆ ಕೇಬಲ್ಲಿಗೆ ಪ್ಲಗ್ ಬಿಗಿಯುವವರಿಗೆ, ಈ ಸಾಲು ಬಾಯಿಪಾಠ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕೇಬಲ್ಲಿನ ಒಳಗೆ ಪ್ರತಿ ಬಣ್ಣವೂ ತನ್ನ ಬಿಳಿ ಜೊತೆಗಾರನ ಜತೆ ಹೆಣೆದುಕೊಂಡೇ ಬಂದಿರುತ್ತದೆ. ಪ್ಲಗ್ಗಿನಲ್ಲಿ ಕಿತ್ತಳೆ ಜೋಡಿ ಅಕ್ಕಪಕ್ಕ ಕೂರುತ್ತದೆ, ನೀಲಿಯೂ ಹಾಗೆಯೇ, ಕಂದೂ ಹಾಗೆಯೇ. ಹಸಿರು ಜೋಡಿ ಮಾತ್ರ ಬೇರೆಯಾಗುತ್ತದೆ. ಒಂದು ಮೂರನೆಯ ಜಾಗಕ್ಕೆ, ಇನ್ನೊಂದು ಆರನೆಯ ಜಾಗಕ್ಕೆ, ನಡುವೆ ನೀಲಿ. ಇದು ಒಳ್ಳೆಯ ಏರ್ಪಾಡೇನಲ್ಲ. ತಂತಿಗಳನ್ನು ಜೋಡಿಯಾಗಿ ಹೆಣೆಯುವುದೇ ಹೊರಗಿನ ವಿದ್ಯುತ್ ಗದ್ದಲ ಎರಡಕ್ಕೂ ಸಮನಾಗಿ ತಾಗಲಿ, ತಾಗಿದ್ದು ಇನ್ನೊಂದು ತುದಿಯಲ್ಲಿ ವಜಾ ಆಗಲಿ ಎಂದು. ಬಿಡಿಸಿ ದೂರ ಕೂರಿಸಿದಷ್ಟೂ ಆ ರಕ್ಷಣೆ ಸಡಿಲವಾಗುತ್ತದೆ. ಆದರೂ ಹೀಗೆ ಮಾಡಿದ್ದಕ್ಕೆ ಕಾರಣ ಟೆಲಿಫೋನ್. ಫೋನಿನ ಪ್ಲಗ್ಗಿನಲ್ಲಿ ನಟ್ಟನಡುವಿನ ಎರಡು ತಂತಿ ಮೊದಲ ಲೈನಿಗೆ, ಅದರ ಆಚೀಚೆಯ ಎರಡು ತಂತಿ ಎರಡನೆಯ ಲೈನಿಗೆ ಎಂಬುದು ಹಳೆಯ ಕಟ್ಟಳೆ. ಕಂಪ್ಯೂಟರಿನ ಕೇಬಲ್ ಬಂದಾಗ ನಡುವಿನ ಆ ಜಾಗವನ್ನು ಫೋನಿಗೇ ಬಿಟ್ಟು, ಒಂದು-ಎರಡನ್ನೂ ಮೂರು-ಆರನ್ನೂ ತಾನು ತೆಗೆದುಕೊಂಡಿತು. ಈ ಕೇಬಲ್ಲಿನ ಮೇಲೆ ಓಡುವ ಜಾಲದ ಪದ್ಧತಿ ಈಥರ್ನೆಟ್. ಈಥರ್ನೆಟ್‌ನ ಇತಿಹಾಸವನ್ನು ವೇಗದ ಇತಿಹಾಸವಾಗಿ ಬರೆಯುವುದು ವಾಡಿಕೆ: ಹತ್ತು ಮೆಗಾಬಿಟ್, ನೂರು, ಸಾವಿರ. ಆದರೆ ಇಂದು ರೂಟರಿನಿಂದ ರೂಟರಿಗೆ ಈ ಕೇಬಲ್ಲೇ ಯಾಕೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ವೇಗದಲ್ಲಿ ಸಿಗುವುದಿಲ್ಲ. ಅದು ಸಿಗುವುದು ತಂತಿ ಎಳೆಯುವವರ ಮತ್ತು ಕೆಟ್ಟಾಗ ದೋಷ ಹುಡುಕುವವರ ಕೆಲಸದಲ್ಲಿ. ಈಥರ್ನೆಟ್ ತನ್ನ ತಂತಿಯನ್ನು ಬಿಟ್ಟು ಟೆಲಿಫೋನಿನ ತಂತಿ ಹಿಡಿದದ್ದರಿಂದ ಕಟ್ಟಡಗಳನ್ನು ಗೆದ್ದಿತು. ತಾನು ಹುಟ್ಟಿದ ವಿಧಾನವನ್ನೇ ಕೈಬಿಟ್ಟದ್ದರಿಂದ ರೂಟರ್‌ಗಳ ನಡುವಿನ ದಾರಿಯನ್ನೂ ಗೆದ್ದಿತು. ಇದು ನನ್ನ ವಾದ.

ಹುಟ್ಟಿದಾಗ ಅದಕ್ಕೆ ರೂಟರ್‌ಗಳ ಗೊಡವೆಯೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಆಲ್ಟೊ ಎಂಬ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು, ಜೊತೆಗೆ ಲೇಸರ್ ಪ್ರಿಂಟರಿಗೆ ಜೋಡಿಸಬೇಕಿತ್ತು. 1973ರ ಮೇ 22ರಂದು ರಾಬರ್ಟ್ ಮೆಟ್‌ಕಾಫ್ ಬರೆದ ಟಿಪ್ಪಣಿಯಲ್ಲಿ ‘ಈಥರ್ನೆಟ್’ ಎಂಬ ಹೆಸರು ಬರುತ್ತದೆ. ಡೇವಿಡ್ ಬಾಗ್ಸ್ ಜತೆಗೂಡಿ ಅವರು ಕಟ್ಟಿದ ಮೊದಲ ಜಾಲ ಸೆಕೆಂಡಿಗೆ 2.94 ಮೆಗಾಬಿಟ್ ವೇಗದಲ್ಲಿ ಓಡಿತು. ಮೂಲ ಪ್ರೇರಣೆ ಹವಾಯಿ ದ್ವೀಪಗಳದ್ದು. ಅಲ್ಲಿ ನಾರ್ಮನ್ ಏಬ್ರಮ್‌ಸನ್ 1971ರಲ್ಲಿ ನಡೆಸಿ ತೋರಿಸಿದ ಅಲೋಹಾ ಜಾಲದಲ್ಲಿ ದ್ವೀಪದಿಂದ ದ್ವೀಪಕ್ಕೆ ರೇಡಿಯೋ ಮಾತು. ಯಾರಿಗೆ ಹೇಳುವುದಿದೆಯೋ ಅವರು ಹೇಳಿಬಿಡುವುದು, ಇಬ್ಬರ ಮಾತು ಒಂದರ ಮೇಲೊಂದು ಬಿದ್ದು ಕೆಟ್ಟರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳುವುದು. ಮೆಟ್‌ಕಾಫ್ ಇದಕ್ಕೆ ಒಂದು ವಿವೇಕ ಸೇರಿಸಿದರು: ಮಾತಾಡುವ ಮುನ್ನ ಕಿವಿಗೊಡು, ಮಾತಾಡುತ್ತಲೇ ಕಿವಿಗೊಡು, ಡಿಕ್ಕಿಯಾದರೆ ತಕ್ಷಣ ನಿಲ್ಲಿಸಿ ಸುಮ್ಮನೆ ಒಂದಿಷ್ಟು ಕಾಯು. ಎಲ್ಲರೂ ಒಂದೇ ತಂತಿಯ ಮೇಲೆ, ಮಾತನ್ನು ಹಂಚಿಕೊಡುವ ಯಜಮಾನ ಯಾರೂ ಇಲ್ಲ. ಬೆಳಕನ್ನು ಹೊತ್ತು ಎಲ್ಲೆಡೆ ವ್ಯಾಪಿಸಿದೆ ಎಂದು ಹತ್ತೊಂಬತ್ತನೆಯ ಶತಮಾನದ ಭೌತಶಾಸ್ತ್ರ ನಂಬಿದ್ದ ‘ಈಥರ್’ ಎಂಬ ಮಾಧ್ಯಮದ ಹೆಸರನ್ನು ಆ ತಂತಿಗೆ ಇಟ್ಟರು. ನ್ಯಾಯ-ವೈಶೇಷಿಕರು ಶಬ್ದಕ್ಕೆ ಆಶ್ರಯವೆಂದು ಒಪ್ಪಿದ ಆಕಾಶವನ್ನು ಬಲ್ಲ ಓದುಗರಿಗೆ ಈ ಕಲ್ಪನೆ ಹೊಸದೆನಿಸದು. ಆಕಾಶದಂತೆ ತಂತಿಯೂ ಒಂದೇ, ಎಲ್ಲರದೂ.

ಆದರೆ ಆಕಾಶಕ್ಕೆ ತೂತು ಕೊರೆಯಬೇಕಾಗಿಲ್ಲ, ಈ ತಂತಿಗೆ ಕೊರೆಯಬೇಕಿತ್ತು. 1980ರಲ್ಲಿ ಡಿಇಸಿ, ಇಂಟೆಲ್, ಜೆರಾಕ್ಸ್ ಮೂರೂ ಸೇರಿ 10 ಮೆಗಾಬಿಟ್ ಈಥರ್ನೆಟ್‌ನ ವಿವರಗಳನ್ನು ಪ್ರಕಟಿಸಿದವು. 1983ರಲ್ಲಿ ಐಇಇಇ ಸಂಸ್ಥೆ 802.3 ಎಂಬ ಸಂಖ್ಯೆಯಲ್ಲಿ ಅದನ್ನು ಮಾನದಂಡವಾಗಿ ಒಪ್ಪಿತು. ಆ ಕೇಬಲ್ ಹತ್ತಿರಹತ್ತಿರ ಒಂದು ಸೆಂಟಿಮೀಟರ್ ದಪ್ಪ, ಸಾಮಾನ್ಯವಾಗಿ ಹಳದಿ ಬಣ್ಣ, ಮೂಲೆಯಲ್ಲಿ ಬಾಗಿಸಲು ಹೋದರೆ ತಿರುಗಿ ನಿಲ್ಲುವಷ್ಟು ಬಿರುಸು. ಒಂದು ತುಂಡು 500 ಮೀಟರ್ ಮೀರುವಂತಿಲ್ಲ, ಅದರ ಮೇಲೆ ನೂರಕ್ಕಿಂತ ಹೆಚ್ಚು ಯಂತ್ರ ಕೂರಿಸುವಂತಿಲ್ಲ. ಪ್ರತಿ ಎರಡೂವರೆ ಮೀಟರಿಗೆ ಒಂದು ಗುರುತು ಹಾಕಿರುತ್ತಿದ್ದರು. ಕೊಂಡಿ ಹಾಕುವುದಿದ್ದರೆ ಆ ಗುರುತಿನ ಮೇಲೆಯೇ. ಹೊರಗವಚ, ಲೋಹದ ಬಲೆ, ಒಳಗಿನ ಪ್ಲಾಸ್ಟಿಕ್ ಇವನ್ನೆಲ್ಲ ದಾಟಿ ನಡುವಿನ ತಾಮ್ರ ಸಿಗುವವರೆಗೆ ಕೈಯಿಂದ ಕೊರೆದು, ಮುಳ್ಳೊಂದನ್ನು ಇಳಿಸಿ ಬಿಗಿಯಬೇಕು. ನೆತ್ತರು ಹೀರುವ ಪ್ರೇತದ ಹೆಸರನ್ನೇ ಎಂಜಿನಿಯರ್‌ಗಳು ಆ ಕೊಂಡಿಗೆ ಇಟ್ಟಿದ್ದರು. ಬಲೆಯ ಒಂದು ಎಳೆ ಆ ಮುಳ್ಳಿಗೆ ತಾಗಿತೆಂದರೆ ಇಡೀ ಅರ್ಧ ಕಿಲೋಮೀಟರ್ ತಂತಿ ಮೂಕವಾಗುತ್ತಿತ್ತು. ಬಳಿಕ ಬಂದ ತೆಳ್ಳನೆಯ ಕೇಬಲ್ ಅಗ್ಗ, ಬಾಗುವ ಗುಣದ್ದು, ಕೊರೆಯುವ ಕೆಲಸವಿಲ್ಲ. ಆದರೆ ಅದು ಮೇಜಿನಿಂದ ಮೇಜಿಗೆ ಸರಪಣಿಯಂತೆ ಹೋಗುತ್ತಿತ್ತು. ಕಸ ಗುಡಿಸುವಾಗಲೋ ಮೇಜು ಸರಿಸುವಾಗಲೋ ಒಂದು ಕೊಂಡಿ ಸಡಿಲವಾದರೆ ಮಹಡಿಯ ಎಲ್ಲರ ಕೆಲಸವೂ ನಿಂತಿತು. ಯಾವ ಕೊಂಡಿ ಎಂದು ತಿಳಿಯಲು ಸರಪಣಿಯನ್ನು ನಡುವೆ ಬಿಡಿಸಿ, ತುದಿಗೆ ಮುಚ್ಚಳ ಹಾಕಿ, ಈ ಅರ್ಧ ಜೀವಂತವೇ ಆ ಅರ್ಧವೇ ಎಂದು ಪರೀಕ್ಷಿಸುತ್ತ ಹೋಗಬೇಕಿತ್ತು. ಯಜಮಾನನಿಲ್ಲದ ತಂತಿಯ ಸೊಗಸೇ ಅದರ ದೌರ್ಬಲ್ಯವೂ ಆಗಿತ್ತು: ಎಲ್ಲರದೂ ಆದ ತಂತಿಯಲ್ಲಿ ದೋಷವೂ ಎಲ್ಲರದು, ಹಾಗಾಗಿ ಅದು ಯಾರ ಮೇಜಿನದು ಎಂದು ಹೇಳುವಂತಿರಲಿಲ್ಲ.

ಅದೇ ಕಟ್ಟಡಗಳ ಗೋಡೆಯೊಳಗೆ ಇನ್ನೊಂದು ತಂತಿ ಮೊದಲೇ ಮಲಗಿತ್ತು. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಹೆಣೆದ ಜೋಡಿತಂತಿಗೆ ಪೇಟೆಂಟ್ ಪಡೆದಿದ್ದರು. ಕಚೇರಿಯ ಪ್ರತಿ ಮೇಜಿನಿಂದಲೂ ಅಂಥ ಜೋಡಿಗಳು ಹೊರಟು ಮಹಡಿಯ ಮೂಲೆಯ ಒಂದು ಸಣ್ಣ ಕೋಣೆಗೆ ಬಂದು ಸೇರುತ್ತಿದ್ದವು. ಅಲ್ಲಿನ ಹಲಗೆಯ ಮೇಲೆ ಯಾವ ಜೋಡಿ ಯಾರ ಮೇಜಿನದು ಎಂಬ ಗುರುತಿರುತ್ತಿತ್ತು. ಒಂದು ಫೋನ್ ಕೆಟ್ಟರೆ ಒಂದೇ ಫೋನ್ ಕೆಡುತ್ತಿತ್ತು, ಲೈನ್‌ಮನ್ ಆ ಕೋಣೆಯಲ್ಲಿ ನಿಂತೇ ಅದನ್ನು ಪತ್ತೆಹಚ್ಚುತ್ತಿದ್ದ. ನೂರು ವರ್ಷದ ದುರಸ್ತಿ ಅನುಭವ ಕೂಡಿಟ್ಟ ಜ್ಞಾನ ಇದು. ಜೆರಾಕ್ಸ್‌ನಿಂದ ಹೊರಬಂದವರೇ 1985ರಲ್ಲಿ ಕಟ್ಟಿದ ಸಿನಾಪ್ಟಿಕ್ಸ್ ಎಂಬ ಕಂಪನಿ 1987ರಲ್ಲಿ ಈ ಸಾಮಾನ್ಯ ಟೆಲಿಫೋನ್ ಜೋಡಿಯ ಮೇಲೆ 10 ಮೆಗಾಬಿಟ್ ಓಡಿಸುವ ಸಾಧನ ಮಾರಾಟಕ್ಕೆ ತಂದಿತು. 1990ರಲ್ಲಿ ಐಇಇಇ ಒಪ್ಪಿದ ‘10ಬೇಸ್-ಟಿ’ಯಲ್ಲಿ ಎಲ್ಲರಿಗೂ ಸೇರಿದ ಒಂದು ತಂತಿ ಮಾಯವಾಗಿ, ಮೂಲೆಯ ಕೋಣೆಯಲ್ಲಿ ಬಂದ ಮಾತನ್ನು ಎಲ್ಲರಿಗೂ ಕೂಗುವ ಒಂದು ಹಬ್ ಪೆಟ್ಟಿಗೆ, ಅಲ್ಲಿಂದ ಪ್ರತಿ ಮೇಜಿಗೂ ಪ್ರತ್ಯೇಕ ಕೇಬಲ್ ಬಂದವು. ನೂರು ಮೀಟರ್ ಎಂಬ ಮಿತಿ ಆಗ ನಿಂತದ್ದು ಇಂದಿಗೂ ನಿಂತಿದೆ. ಪೆಟ್ಟಿಗೆಯ ಪ್ರತಿ ಬಾಯಿಯ ಪಕ್ಕ ಒಂದು ಪುಟ್ಟ ದೀಪ ಇತ್ತು. ಆರಿದ ದೀಪದ ಕೇಬಲ್ ಹಿಡಿದು ಹೋದರೆ ದೋಷ ಸಿಗುತ್ತಿತ್ತು. ಈ ದೀಪವನ್ನು ತಂತ್ರಜ್ಞಾನದ ಚರಿತ್ರೆಗಳು ಹೆಚ್ಚಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಅಲ್ಲಿದೆ.

ಈಥರ್ನೆಟ್ ಗೆದ್ದದ್ದು ಅದು ಮುಕ್ತ ಮಾನದಂಡವಾಗಿದ್ದರಿಂದ ಎಂದು ಹೇಳುವವರಿದ್ದಾರೆ. ಮಾತಿನಲ್ಲಿ ಹುರುಳಿದೆ, ಆದರೆ ಅಷ್ಟೇ ಸಾಲದು. ಅದರ ದೊಡ್ಡ ಎದುರಾಳಿ ಟೋಕನ್ ರಿಂಗ್ ಕೂಡ 802.5 ಎಂಬ ಸಂಖ್ಯೆಯ ಐಇಇಇ ಮಾನದಂಡವೇ ಆಗಿತ್ತು. ಇನ್ನೂ ಬಲವಾದ ಆಕ್ಷೇಪ ಬೇರೆ ಇದೆ: ಮೂಲೆಯ ಕೋಣೆಗೆ ಎಲ್ಲ ತಂತಿ ತಂದು ಸೇರಿಸುವ ವಿಧಾನ ಐಬಿಎಂ 1985ರಲ್ಲಿ ತಂದ ಟೋಕನ್ ರಿಂಗ್‌ನಲ್ಲಿ ಮೊದಲೇ ಇತ್ತು, ಹಾಗಿದ್ದರೆ ಗೆಲ್ಲಬೇಕಾದದ್ದು ಅದೇ ಅಲ್ಲವೇ? ಟೋಕನ್ ರಿಂಗ್‌ನ ಹೆಚ್ಚುಗಾರಿಕೆ ಒಪ್ಪಿಕೊಳ್ಳಲೇಬೇಕಾದದ್ದು. ಅಲ್ಲಿ ಮಾತಿನ ಸರದಿ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ, ಡಿಕ್ಕಿಯೇ ಇಲ್ಲ, ಎಷ್ಟೇ ಜನಜಂಗುಳಿಯಿದ್ದರೂ ತನ್ನ ಸರದಿ ಯಾವಾಗ ಎಂದು ಲೆಕ್ಕ ಹಾಕಬಹುದು. ವೇಗವೂ ಕಡಿಮೆಯಿರಲಿಲ್ಲ, 10ಬೇಸ್-ಟಿ ಬರುವ ಹೊತ್ತಿಗೆ 16 ಮೆಗಾಬಿಟ್ ಟೋಕನ್ ರಿಂಗ್ ಬಂದಾಗಿತ್ತು. ನಿಧಾನವಾದದ್ದೇ ಗೆದ್ದಿತು, ಹಾಗಾಗಿ ವೇಗದ ವಾದ ಇಲ್ಲಿ ನಿಲ್ಲುವುದಿಲ್ಲ. ವ್ಯತ್ಯಾಸ ಇದ್ದದ್ದು ತಂತಿಯಲ್ಲಿ. ಐಬಿಎಂ ತನ್ನ ಜಾಲಕ್ಕೆ ಉತ್ತಮವೆಂದು ಹೇಳಿದ್ದು ಲೋಹದ ಹೊದಿಕೆಯ, ದಪ್ಪನೆಯ, ತನ್ನದೇ ಕೊಂಡಿಯ ಕೇಬಲ್; ಟೆಲಿಫೋನ್ ತಂತಿಗೂ ಅನುಮತಿ ಇತ್ತು, ಆದರೆ ಮೊದಮೊದಲು 4 ಮೆಗಾಬಿಟ್‌ನ ಕೆಳದರ್ಜೆಯ ಆಯ್ಕೆಯಾಗಿ. ಒಂದು ಪಕ್ಷ ಕಟ್ಟಡಕ್ಕೆ ಹೊಸ ತಂತಿ ಕೇಳಿತು, ಇನ್ನೊಂದು ಕಟ್ಟಡದಲ್ಲಿದ್ದುದನ್ನೇ ತನ್ನದು ಮಾಡಿಕೊಂಡಿತು. ಬೆಲೆಯೇ ನಿರ್ಣಾಯಕ ಎನ್ನುವವರಿಗೂ ನನ್ನ ಉತ್ತರ ಇದೇ. ಈಥರ್ನೆಟ್ ಕಾರ್ಡು ಅಗ್ಗವಾದದ್ದು ನಿಜ, ಅದನ್ನು ತಯಾರಿಸುವ ಕಂಪನಿಗಳು ಹತ್ತಾರು ಇದ್ದುದರಿಂದ. ಆದರೆ ಅಷ್ಟು ಕಂಪನಿಗಳಿಗೆ ಗಿರಾಕಿ ಸಿಕ್ಕದ್ದು, ಗಿರಾಕಿಯ ಗೋಡೆಯಲ್ಲಿ ಅರ್ಧ ಕೆಲಸ ಆಗಲೇ ಮುಗಿದಿದ್ದರಿಂದ.

ಇಷ್ಟಾದರೂ ರೂಟರ್‌ಗಳ ನಡುವೆ ಈ ಕೇಬಲ್ ಬಂದಿರಲಿಲ್ಲ. ರೂಟರಿನ ಹಿರಿಯಜ್ಜ ಎನ್ನಬಹುದಾದ ಯಂತ್ರ, 1969ರಲ್ಲಿ ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ಗೆಂದು ಬಿಬಿಎನ್ ಕಂಪನಿ ಕಟ್ಟಿದ ಐಎಂಪಿ, ತನ್ನಂಥದೇ ದೂರದ ಯಂತ್ರದ ಜತೆ ಮಾತಾಡುತ್ತಿದ್ದುದು ಬಾಡಿಗೆಯ ಟೆಲಿಫೋನ್ ಲೈನಿನ ಮೇಲೆ, 50 ಕಿಲೋಬಿಟ್ ವೇಗದಲ್ಲಿ. 1980ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಯೇಗರ್ ಬರೆದ ತಂತ್ರಾಂಶ, ಆಂಡಿ ಬೆಕ್ಟೋಲ್‌ಶೈಮ್ ರೂಪಿಸಿದ ಸರ್ಕ್ಯೂಟ್ ಹಲಗೆ ಸೇರಿ ಆವರಣದ ಬೇರೆಬೇರೆ ಜಾಲಗಳನ್ನು ಬೆಸೆಯುವ ಪೆಟ್ಟಿಗೆ ಹುಟ್ಟಿತು. 1984ರಲ್ಲಿ ಲೆನರ್ಡ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ ಸ್ಥಾಪಿಸಿದ ಸಿಸ್ಕೊ ಆ ಪರಂಪರೆಯಿಂದ ಬೆಳೆಯಿತು. ತೊಂಬತ್ತರ ದಶಕದಲ್ಲಿ ಎಲ್ಲೆಡೆ ಕಾಣುತ್ತಿದ್ದ ಸಿಸ್ಕೊ 2501 ರೂಟರಿನ ಬೆನ್ನು ಆ ಕಾಲದ ತಿಳಿವಳಿಕೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ: ಒಂದು ಈಥರ್ನೆಟ್ ಬಾಯಿ, ಎರಡು ಸೀರಿಯಲ್ ಬಾಯಿ. ಈಥರ್ನೆಟ್ ಒಳಮನೆಗೆ, ಸೀರಿಯಲ್ ಊರಾಚೆಗೆ. ಎರಡು ರೂಟರ್‌ಗಳನ್ನು ಒಂದೇ ಕಪಾಟಿನಲ್ಲಿ ಪಕ್ಕಪಕ್ಕ ಇಟ್ಟು ನೇರವಾಗಿ ಈಥರ್ನೆಟ್ ಕೇಬಲ್ಲಿನಿಂದ ಜೋಡಿಸಿದರೆ ಇನ್ನೊಂದು ತೊಡಕು ಎದುರಾಗುತ್ತಿತ್ತು. ಕಂಪ್ಯೂಟರಾಗಲಿ ರೂಟರಾಗಲಿ ಒಂದು-ಎರಡನೆಯ ತಂತಿಯಲ್ಲಿ ಹೇಳುತ್ತಿತ್ತು, ಮೂರು-ಆರರಲ್ಲಿ ಕೇಳುತ್ತಿತ್ತು. ಹಬ್‌ನಲ್ಲಿ ಮಾತ್ರ ಇದು ಅದಲುಬದಲು, ಹಾಗಾಗಿ ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಸರಿಯಾಗಿ ಕೂರುತ್ತಿತ್ತು. ರೂಟರಿಗೆ ರೂಟರನ್ನೇ ಜೋಡಿಸಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ. ಅದಕ್ಕಾಗಿ ಒಂದು ತುದಿಯಲ್ಲಿ ಕಿತ್ತಳೆಯ ಜಾಗಕ್ಕೆ ಹಸಿರು, ಹಸಿರಿನ ಜಾಗಕ್ಕೆ ಕಿತ್ತಳೆ ಕೂರಿಸಿದ ಕ್ರಾಸ್ಓವರ್ ಕೇಬಲ್ ಬೇಕಾಗುತ್ತಿತ್ತು. ನೋಟಕ್ಕೆ ಮಾಮೂಲಿ ಕೇಬಲ್ಲಿನಂತೆಯೇ. ಗುರುತಿಗೆ ಬೇರೆ ಬಣ್ಣದ ಕೇಬಲ್ ಬಳಸುವುದು, ಚೀಟಿ ಅಂಟಿಸುವುದು ರೂಢಿಯಾಯಿತು. ತೊಂಬತ್ತರ ದಶಕದ ಕೊನೆಗೆ ಹ್ಯೂಲೆಟ್-ಪ್ಯಾಕರ್ಡ್ ಎಂಜಿನಿಯರ್‌ಗಳು ಎದುರಿಗಿರುವುದು ಬಾಯಿಯೋ ಕಿವಿಯೋ ಎಂದು ಯಂತ್ರವೇ ಅರಿತು ಬದಲಾಯಿಸಿಕೊಳ್ಳುವ ಉಪಾಯ ರೂಪಿಸಿದರು. 1999ರ ಗಿಗಾಬಿಟ್ ಮಾನದಂಡದಲ್ಲಿ ನಾಲ್ಕು ಜೋಡಿಗಳೂ ಏಕಕಾಲಕ್ಕೆ ಹೇಳುತ್ತವೆ, ಕೇಳುತ್ತವೆ. ತಂತಿ ಕಟ್ಟುವವರ ತಲೆನೋವನ್ನು ಯಂತ್ರ ತನ್ನ ಮೇಲೆ ಹಾಕಿಕೊಂಡ ಈ ಸಣ್ಣ ಸುಧಾರಣೆಗೆ ಯಾವ ಸ್ಮಾರಕವೂ ಇಲ್ಲ. ಇಂದು ಮನೆಯಲ್ಲಿ ಎರಡು ರೂಟರ್ ಜೋಡಿಸುವವರು ಯಾವ ಕೇಬಲ್ ಎಂದು ಯೋಚಿಸದೆ ಸಿಕ್ಕಿದ್ದನ್ನು ಚುಚ್ಚುವುದು ಅದರಿಂದಲೇ ಸಾಧ್ಯವಾಗಿದೆ.

ಈ ಸುಲಭಕ್ಕೆ ತೆರಬೇಕಾದ ಬೆಲೆಯೂ ಇದೆ. ರೂಟರ್‌ಗಳು ಓದುವ ಐಪಿ ಪ್ಯಾಕೆಟ್ಟಿನಲ್ಲಿ ಆಯುಷ್ಯದ ಅಂಕಿಯೊಂದಿರುತ್ತದೆ, ಒಂದೊಂದು ರೂಟರ್ ದಾಟಿದಾಗಲೂ ಒಂದು ಕಡಿಮೆಯಾಗಿ ಸೊನ್ನೆ ಮುಟ್ಟಿದಾಗ ಪ್ಯಾಕೆಟ್ ಸಾಯುತ್ತದೆ. ಈಥರ್ನೆಟ್ ಮಾತನ್ನು ಕಟ್ಟಿ ಕಳಿಸುವ ಚೌಕಟ್ಟಿಗೆ (ಫ್ರೇಮ್) ಅಂಥ ಆಯುಷ್ಯ ಬರೆದಿಲ್ಲ, ಯಾಕೆಂದರೆ ಒಂದೇ ತಂತಿಯ ಕಾಲದಲ್ಲಿ ಸುತ್ತಿ ಬರುವ ದಾರಿಯೇ ಇರಲಿಲ್ಲ. ಮನೆಯ ರೂಟರಿನ ನಾಲ್ಕು ಲ್ಯಾನ್ ಬಾಯಿಗಳು ನಿಜದಲ್ಲಿ ಒಂದು ಪುಟ್ಟ ಸ್ವಿಚ್, ಹಬ್ ಇದ್ದ ಜಾಗಕ್ಕೆ ಬಂದ ಪೆಟ್ಟಿಗೆ. ಅಂಥ ಎರಡನ್ನು ಎರಡು ಕೇಬಲ್ಲಿನಿಂದ ಜೋಡಿಸಿದರೆ ಎಲ್ಲರಿಗೂ ಎಂದು ಕೂಗಿದ ಒಂದು ಕರೆ ಸುತ್ತುತ್ತಲೇ ಇದ್ದು ಜಾಲವನ್ನು ಮುಳುಗಿಸಬಲ್ಲದು. 1985ರಲ್ಲಿ ಡಿಇಸಿಯ ರೇಡಿಯಾ ಪರ್ಲ್‌ಮನ್ ರೂಪಿಸಿದ ಸ್ಪ್ಯಾನಿಂಗ್ ಟ್ರೀ ವಿಧಾನ, ಹೆಚ್ಚಿನ ದಾರಿಗಳನ್ನು ತಾನಾಗಿ ಮುಚ್ಚಿ ಈ ಸುಳಿಯನ್ನು ತಡೆಯುತ್ತದೆ.

ಊರಾಚೆಗೆ ಹೋಗಲು ಈಥರ್ನೆಟ್‌ಗೆ ಅಡ್ಡ ನಿಂತಿದ್ದುದು ಡಿಕ್ಕಿ ಪತ್ತೆಹಚ್ಚುವ ಅದರ ಮೂಲ ವಿಧಾನವೇ. ಡಿಕ್ಕಿಯಾಯಿತೆಂದು ತಿಳಿಯಬೇಕಾದರೆ ಹೇಳಿ ಮುಗಿಸುವ ಮುನ್ನವೇ ದೂರದ ತುದಿಯ ಸದ್ದು ವಾಪಸು ಬರಬೇಕು. ಆದ್ದರಿಂದ ಜಾಲದ ಒಟ್ಟು ಹರವು ಸುಮಾರು 2500 ಮೀಟರ್ ಮೀರುವಂತಿರಲಿಲ್ಲ, ಚೌಕಟ್ಟು 64 ಬೈಟ್‌ಗಿಂತ ಚಿಕ್ಕದಿರುವಂತಿರಲಿಲ್ಲ. 1990ರಲ್ಲಿ ವಿನೋದ್ ಭಾರದ್ವಾಜ್ ಸಹಸಂಸ್ಥಾಪಕರಾಗಿದ್ದ ‘ಕಲ್ಪನಾ’ ಎಂಬ ಕಂಪನಿ ಈಥರ್‌ಸ್ವಿಚ್ ತಂದಿತು. 1994ರಲ್ಲಿ ಸಿಸ್ಕೊ ಅದನ್ನು ಕೊಂಡುಕೊಂಡಿತು. ಬಂದ ಮಾತನ್ನು ಎಲ್ಲರಿಗೂ ಕೂಗದೆ ಸಲ್ಲಬೇಕಾದ ಬಾಯಿಗೆ ಮಾತ್ರ ಕೊಡುವುದು ಸ್ವಿಚ್ಚಿನ ಗುಣ. ಒಂದು ಕೇಬಲ್ಲಿನಲ್ಲಿ ಈಗ ಇಬ್ಬರೇ. ಒಬ್ಬರು ಹೇಳಲು ಒಂದು ಜೋಡಿ, ಇನ್ನೊಬ್ಬರು ಹೇಳಲು ಇನ್ನೊಂದು. 1997ರಲ್ಲಿ ಈ ಇಬ್ಬದಿ ಮಾತು ಮಾನದಂಡವಾದಾಗ ಡಿಕ್ಕಿಗೆ ಅವಕಾಶವೇ ಉಳಿಯಲಿಲ್ಲ, ಅದರ ಜತೆಗೆ ಅದು ಹೇರಿದ್ದ ದೂರದ ಮಿತಿಯೂ ಹೋಯಿತು. ತಾಮ್ರಕ್ಕೆ ನೂರು ಮೀಟರ್ ಎಂಬುದು ಉಳಿಯಿತು, ಆದರೆ ಫೈಬರಿನ ಮೇಲೆ ಅದೇ ಚೌಕಟ್ಟು ಹತ್ತಾರು ಕಿಲೋಮೀಟರ್ ಹೋಗಬಹುದಾಯಿತು. 2002ರ 10 ಗಿಗಾಬಿಟ್ ಮಾನದಂಡದಲ್ಲಿ ಡಿಕ್ಕಿಯ ವಿಧಾನವನ್ನು ಸೇರಿಸಲೇ ಇಲ್ಲ. ಕಪಾಟಿನೊಳಗಿನ ರೂಟರ್‌ಗಳ ನಡುವೆ, ಆಮೇಲೆ ಊರಿಂದೂರಿಗೆ, ಸೀರಿಯಲ್ ಬಾಯಿಗಳಿದ್ದ ಜಾಗಕ್ಕೆ ಈಥರ್ನೆಟ್ ಬಾಯಿಗಳು ಬಂದವು. 64 ಬೈಟ್‌ನ ಕಟ್ಟು ಮಾತ್ರ ಹಾಗೇ ಉಳಿದಿದೆ. ಯಾವ ಡಿಕ್ಕಿಯ ಭಯದಿಂದ ಅದು ಹುಟ್ಟಿತೋ ಆ ಡಿಕ್ಕಿ ಈಗಿಲ್ಲ. ಪ್ಲಗ್ಗಿನೊಳಗೆ ಬೇರೆಯಾಗಿ ಕೂತ ಹಸಿರು ಜೋಡಿಯ ಹಾಗೆ ಇದೂ ಒಂದು ಶಾಸನ.

ನಮ್ಮಲ್ಲಿ ಈ ಕಥೆ ಬೇರೆ ಕ್ರಮದಲ್ಲಿ ನಡೆಯಿತು. 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲದ ಯೋಜನೆಯಲ್ಲಿ ಐದು ಐಐಟಿಗಳು, ಮುಂಬಯಿಯ ಎನ್‌ಸಿಎಸ್‌ಟಿ, ದಿಲ್ಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ ಇವುಗಳೊಂದಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಊರುಗಳನ್ನು ಬೆಸೆದದ್ದು ಡಯಲ್ ಮಾಡುವ ಫೋನ್ ಲೈನುಗಳು, ಬಳಿಕ ಬಾಡಿಗೆ ಲೈನುಗಳು. ಪಶ್ಚಿಮದ ಕಚೇರಿಗಳಂತೆ ನಮ್ಮ ಬಹುಪಾಲು ಕಟ್ಟಡಗಳ ಗೋಡೆಯಲ್ಲಿ ಮೇಜುಮೇಜಿಗೂ ಫೋನ್ ಜೋಡಿ ಮಲಗಿರಲಿಲ್ಲ, ಹಾಗಿದ್ದರೆ ನನ್ನ ವಾದ ಇಲ್ಲಿಗೆ ಹೇಗೆ ಹೊಂದುತ್ತದೆ ಎಂದು ಕೇಳುವುದು ನ್ಯಾಯ. ತಂತಿ ಮೊದಲೇ ಇರುವುದು ಗೆಲುವಿನ ಅರ್ಧ. ಅದನ್ನು ಎಳೆಯಬಲ್ಲ, ದೋಷ ಕಂಡುಹಿಡಿಯಬಲ್ಲ ಕೈಗಳು ಇರುವುದು ಇನ್ನರ್ಧ. ಬೆಂಗಳೂರಿನ ಬಡಾವಣೆಗಳಲ್ಲಿ ಕೇಬಲ್ ಟಿವಿಯ ಕೆಲಸ ಕಲಿತ ಹುಡುಗರು ಮಹಡಿಯಿಂದ ಮಹಡಿಗೆ ನೆಟ್‌ವರ್ಕ್ ಕೇಬಲ್ ಎಳೆದು, ನೂರು ಮೀಟರ್ ಮುಗಿಯುವ ಮುನ್ನ ಡಬ್ಬಿಯಲ್ಲೊಂದು ಸ್ವಿಚ್ ಇಟ್ಟು, ಮುಂದಿನ ಮಹಡಿಗೆ ಹೋಗುತ್ತಿದ್ದರು. ಒಂದು ಕ್ರಿಂಪಿಂಗ್ ಟೂಲ್, ಒಂದು ಟೆಸ್ಟರ್ ಇದ್ದರೆ ಕೆಲಸ ನಡೆಯುತ್ತಿತ್ತು. ಹಳದಿ ದಪ್ಪ ಕೇಬಲ್ಲಾಗಿದ್ದರೆ ಇದನ್ನು ಊಹಿಸಲೂ ಆಗುತ್ತಿರಲಿಲ್ಲ. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗ ಮನೆಮನೆಯ ಮೋಡೆಮ್ಮಿನ ಬೆನ್ನಲ್ಲಿ ಎರಡು ತೂತುಗಳು ಅಕ್ಕಪಕ್ಕ ಕಾಣಿಸಿಕೊಂಡವು: ಟೆಲಿಫೋನ್ ಎಕ್ಸ್‌ಚೇಂಜಿನಿಂದ ಬಂದ ಜೋಡಿಗೆ ಸಣ್ಣದು, ಈಥರ್ನೆಟ್‌ಗೆ ತುಸು ಅಗಲದ್ದು. ಬೆಲ್‌ನ ಹೆಣೆದ ಜೋಡಿಯ ಎರಡು ಕವಲುಗಳು ಒಂದೇ ಅಂಗೈಯಗಲದ ಪೆಟ್ಟಿಗೆಯಲ್ಲಿ ಸೇರಿದ್ದವು. 2003ರಲ್ಲಿ ಸ್ಥಾಪನೆಯಾದ ನಿಕ್ಸಿಯಂಥ ಇಂಟರ್ನೆಟ್ ವಿನಿಮಯ ಕೇಂದ್ರಗಳಲ್ಲಿ ಬೇರೆಬೇರೆ ಕಂಪನಿಗಳ ರೂಟರ್‌ಗಳು ಬಂದು ಸೇರುವುದೂ ಈಥರ್ನೆಟ್ ಸ್ವಿಚ್ಚಿನಲ್ಲಿಯೇ. ಅದಕ್ಕೂ ಮುನ್ನ ಒಂದೇ ಊರಿನ ಇಬ್ಬರು ಗಿರಾಕಿಗಳ ಮಾತು ಅನೇಕ ಬಾರಿ ವಿದೇಶ ಸುತ್ತಿ ಬರುತ್ತಿತ್ತು.

ಈಗ ಮನೆಯಲ್ಲಿ ವೈಫೈ, ಬೀದಿಯಲ್ಲಿ ಫೈಬರ್. ತಾಮ್ರದ ಜೋಡಿಯ ಕಾಲ ಮುಗಿಯಿತಲ್ಲ ಎನ್ನಬಹುದು. ತಂತಿ ಬದಲಾಗಿ, ವಿಧಾನ ಬದಲಾಗಿ, ವೇಗ ಬದಲಾಗಿ ಉಳಿದದ್ದೇನು, ಬರೀ ಹೆಸರಲ್ಲವೇ ಎಂದೂ ಕೇಳಬಹುದು. ಹೆಸರಷ್ಟೇ ಅಲ್ಲ, ಚೌಕಟ್ಟು ಉಳಿದಿದೆ: ಸಲ್ಲಬೇಕಾದವರ ವಿಳಾಸ, ಕಳಿಸಿದವರ ವಿಳಾಸ, ಒಳಗಿರುವುದು ಏನೆಂಬ ಗುರುತು, ಕೊನೆಗೆ ತಪ್ಪು ಹಿಡಿಯುವ ಲೆಕ್ಕ. ವೈಫೈ ಪೆಟ್ಟಿಗೆ ಗಾಳಿಯಲ್ಲಿ ಮಾತಾಡಿದರೂ ಅದರ ಬೆನ್ನಿಗೆ ಇದೇ ಕೇಬಲ್ ಇದೆ. 2003ರ ನಂತರ ಆ ಪೆಟ್ಟಿಗೆಗೆ ಬೇಕಾದ ವಿದ್ಯುತ್ತೂ ಇದೇ ಜೋಡಿಗಳಲ್ಲಿ, ಮೊದಲ ಮಾನದಂಡದಂತೆ 15.4 ವ್ಯಾಟ್‌ವರೆಗೆ, ಹರಿಯತೊಡಗಿತು. ಫೋನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿದ್ದ ಹಳೆಯ ಪದ್ಧತಿಯನ್ನು ಇದು ನೆನಪಿಸುತ್ತದೆ. ಚಾವಣಿಗೆ ವೈಫೈ ತೂಗುಹಾಕಲು ಬಂದವರಿಗೆ ಬೇರೆ ಎಲೆಕ್ಟ್ರಿಷಿಯನ್ ಬೇಕಾಗುವುದಿಲ್ಲ.

ತಂತಿಯ ಕೆಲಸವೇ ರೂಪವನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಇತ್ತೀಚಿನ ಸಾಕ್ಷಿ ಕಾರಿನಲ್ಲಿದೆ. ಕಾರಿನೊಳಗೆ ಪ್ರತಿ ಸಂವೇದಕಕ್ಕೂ ಪ್ರತ್ಯೇಕ ಕೇಬಲ್ ಎಳೆದರೆ ತೂಕ ಹೆಚ್ಚುತ್ತದೆ, ಜೋಡಣೆಯ ಕೆಲಸ ಹೆಚ್ಚುತ್ತದೆ. 2019ರಲ್ಲಿ ಐಇಇಇ ಒಪ್ಪಿದ ‘10ಬೇಸ್-ಟಿ1ಎಸ್’ನಲ್ಲಿ ನಾಲ್ಕು ಜೋಡಿ ಹೋಗಿ ಒಂದೇ ಜೋಡಿ ಉಳಿದಿದೆ, 25 ಮೀಟರ್ ಉದ್ದದ ಆ ಒಂದು ಜೋಡಿಯ ಮೇಲೆ ಕನಿಷ್ಠ ಎಂಟು ಯಂತ್ರಗಳು ಒಟ್ಟಿಗೆ ಕೂರಬಹುದು, ಪಾಲೊ ಆಲ್ಟೊದ ಮೊದಲ ತಂತಿಯ ಮೇಲೆ ಕೂತಂತೆ. ವೇಗ ಮತ್ತೆ ಹಳದಿ ಕೇಬಲ್ಲಿನ ಕಾಲದ ಆ 10 ಮೆಗಾಬಿಟ್. ಡಿಕ್ಕಿ ತಪ್ಪಿಸಲು ಅವು ಒಂದಾದ ಮೇಲೊಂದು ಸರದಿಯಲ್ಲಿ ಮಾತಾಡುತ್ತವೆ, ಸೋತುಹೋದ ಟೋಕನ್ ರಿಂಗ್‌ನಲ್ಲಿ ಯಂತ್ರಗಳು ಮಾತಾಡುತ್ತಿದ್ದ ಹಾಗೆ.